ಮಂಡಿ ನೋವಿಗೆ ನಾನು ಸೂಜಿ ಹಾಕುವ ಬಗೆ

ಪ್ರಕೃತಿ ಚಿಕಿತ್ಸೆಯ ಪದವಿಯಲ್ಲಿ ಅಕ್ಯುಪಂಕ್ಚರ್, ಅಂದರೆ ಮೈಗೆ ಸೂಜಿ ಹಾಕುವ ಚೀನೀ ಚಿಕಿತ್ಸೆ, ಒಂದು ಪಾಠವಾಗಿತ್ತು, ಕಸುಬಾದದ್ದು ಆಮೇಲೆ. ನನ್ನಲ್ಲಿಗೆ ಬರುವವರಲ್ಲಿ ಮಂಡಿ ನೋವಿನವರೇ ಹೆಚ್ಚು. ಎಕ್ಸ್‌ರೇ ಹಿಡಿದುಕೊಂಡು ಬಂದವರ ಮೊದಲ ಪ್ರಶ್ನೆ, "ಎಷ್ಟು ಸೂಜಿ ಹಾಕುತ್ತೀರಿ ಡಾಕ್ಟರೇ?" ಸೂಜಿಯ ಪೊಟ್ಟಣ ಒಡೆಯುವುದಕ್ಕೆ ಇನ್ನೂ ಹೊತ್ತಿದೆ ಎನ್ನುತ್ತೇನೆ.

ಚೀನೀ ವೈದ್ಯದಲ್ಲಿ ರೋಗಿಯನ್ನು ನೋಡಬೇಕು, ಆಲಿಸಿ ಮೂಸಬೇಕು, ಕೇಳಬೇಕು, ಮುಟ್ಟಬೇಕು. ಮಳೆಗಾಲದಲ್ಲಿ ನೋವು ಜಾಸ್ತಿಯೇ? ಬಿಸಿನೀರಿನ ಶಾಖ ಹಿತವೇ? ನಾಲಿಗೆ ಚಾಚಿ ಎಂದರೆ ಕೆಲವರು ನಗುತ್ತಾರೆ. ಬಿಳಿ ಲೇಪ ಕಟ್ಟಿದ, ಉಬ್ಬಿದ ನಾಲಿಗೆಯಿದ್ದು, ಶಾಖ ಕೊಟ್ಟರೆ ನೋವು ತಗ್ಗುತ್ತದೆ ಎಂದಾದರೆ ಕೀಲಿನಲ್ಲಿ ಶೀತ ಮತ್ತು ತೇವ ಸೇರಿದೆ ಎಂದು ಆ ಶಾಸ್ತ್ರ ಹೇಳುತ್ತದೆ. ಅಂಥವರಿಗೆ ಸೂಜಿಯ ಜೊತೆಗೆ ಮಾಕ್ಸಾ, ಅಂದರೆ ಮಾಚಿಪತ್ರೆಯ ಬಳಗದ ಗಿಡದ ಒಣ ಎಲೆಯನ್ನು ಸುರುಟಿದ ಕಡ್ಡಿ, ಹೊತ್ತಿಸಿ ಹತ್ತಿರ ಹಿಡಿಯುತ್ತೇನೆ. ನಾಲಿಗೆ ಕೆಂಪಗಿದ್ದು ಮಂಡಿ ಬೆಚ್ಚಗಿದ್ದರೆ ಮಾಕ್ಸಾ ಬೇಡ. ಮಂಡಿ ದಿಢೀರನೆ ಬಾತು ಜ್ವರವೂ ಇದ್ದರೆ ಸೂಜಿಯ ಮಾತೇ ಇಲ್ಲ, ಅಂದೇ ಮೂಳೆ ವೈದ್ಯರ ಬಳಿಗೆ ಕಳುಹಿಸುತ್ತೇನೆ.

ಸೂಜಿ ಹಾಕಬೇಕಾದ ಜಾಗವನ್ನು ಬಿಂದು ಎನ್ನುತ್ತೇವೆ. ನಾನು ಹೆಚ್ಚು ನೆಚ್ಚುವ ಬಿಂದು ಝುಸಾನ್‌ಲಿ. ಅಳತೆ ನನ್ನ ಬೆರಳಿನದಲ್ಲ, ರೋಗಿಯದು. ಮಂಡಿಚಿಪ್ಪಿನ ಕೆಳಗೆ ಹೊರಬದಿಯ ಗುಳಿಯಿಂದ ಅವರದೇ ನಾಲ್ಕು ಬೆರಳು ಕೆಳಕ್ಕೆ, ಮೂಳೆಯ ಏಣಿನಿಂದ ಒಂದು ಬೆರಳು ಹೊರಕ್ಕೆ. ಅಲ್ಲಿ ಹೆಬ್ಬೆರಳಿನಿಂದ ಒತ್ತುತ್ತಾ ಹೋಗುತ್ತೇನೆ. "ಹಾ, ಅಲ್ಲೇ" ಎಂದು ಅವರೇ ಹೇಳುತ್ತಾರೆ. ಸ್ಪಿರಿಟ್‌ನಿಂದ ಒರೆಸಿ, ಒಮ್ಮೆ ಮಾತ್ರ ಬಳಸುವ 0.25 ಮಿಲಿಮೀಟರ್ ದಪ್ಪದ ಸೂಜಿಯನ್ನು ಇಳಿಸಿ ಮೆಲ್ಲಗೆ ತಿರುಗಿಸುತ್ತೇನೆ. ಜೋಮು ಹಿಡಿದಂತೆ, ಭಾರವಾದಂತೆ ಅನಿಸಿ ಅದು ಪಾದದ ಕಡೆಗೆ ಇಳಿಯಬೇಕು. ಅದೇ ಹೊತ್ತಿಗೆ ಸ್ನಾಯು ಸೂಜಿಯನ್ನು ಕಚ್ಚಿ ಹಿಡಿದದ್ದು ನನ್ನ ಬೆರಳಿಗೂ ತಿಳಿಯುತ್ತದೆ. ಚೀನೀಯರು ಇದನ್ನು 'ದ ಚಿ', ಅಂದರೆ ಚಿ ಸಿಕ್ಕಿತು, ಎನ್ನುತ್ತಾರೆ. ಚಿ ಎಂದರೆ ಮೈಯಲ್ಲಿ ಹರಿಯುತ್ತದೆಂದು ಆ ಶಾಸ್ತ್ರ ಹೇಳುವ ಪ್ರಾಣಶಕ್ತಿ. ಚುರುಕ್ಕೆಂದರೆ ತುಸು ಹಿಂದಕ್ಕೆ ಎಳೆಯುತ್ತೇನೆ. ಆಮೇಲೆ ಇಪ್ಪತ್ತೈದು ನಿಮಿಷ ಮಲಗಿರಬೇಕು. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ತಲೆ ಸುತ್ತುವುದುಂಟು, ಹಾಗಾಗಿ ಮೊದಲೇ ತಿಂಡಿ ವಿಚಾರಿಸುತ್ತೇನೆ.

ಚಿ ಹರಿಯುವ ನಾಳಗಳನ್ನು ಶವಚ್ಛೇದನದಲ್ಲಿ ಯಾರೂ ತೋರಿಸಿಲ್ಲ. ನನಗೆ ಅವು ನಕ್ಷೆ, ಅಷ್ಟೇ. 2007ರಲ್ಲಿ ಪ್ರಕಟವಾದ ಜರ್ಮನಿಯ ದೊಡ್ಡ ಪ್ರಯೋಗವೊಂದರಲ್ಲಿ ಸೊಂಟ ನೋವಿನ ಕೆಲವರಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ, ಕೆಲವರಿಗೆ ಬಿಂದುಗಳಲ್ಲದ ಕಡೆ ಮೇಲುಮೇಲೆ ಸೂಜಿ ಹಾಕಿದ್ದರು. ಗುಣ ಕಂಡವರು ಕ್ರಮವಾಗಿ ನೂರಕ್ಕೆ ಸುಮಾರು 48 ಮತ್ತು 44. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ 27. ಇದನ್ನು ಓದಿದ ಮೇಲೂ ನಾನು ಕಸುಬು ಬಿಡಲಿಲ್ಲ, ಆದರೆ ಬಿಂದುವಿನ ಮಹಿಮೆ ಹಾಡುವುದನ್ನು ಬಿಟ್ಟಿದ್ದೇನೆ. ಮಾತಾಡಿಸಿ, ಮುಟ್ಟಿ ನೋಡುವ ಹೊತ್ತನ್ನು ಮಾತ್ರ ಒಂದಿಷ್ಟೂ ಕಡಿತ ಮಾಡಿಲ್ಲ.

ಸಕ್ಕರೆ, ರಕ್ತದೊತ್ತಡದ ಮಾತ್ರೆ ನಿಲ್ಲಿಸಲು ಬಿಡುವುದಿಲ್ಲ. ತೊಡೆಯ ವ್ಯಾಯಾಮ ಕಲಿಸಿ ಕಳುಹಿಸುತ್ತೇನೆ. ಐದಾರು ಬಾರಿಯ ನಂತರವೂ ಮೆಟ್ಟಿಲು ಹತ್ತುವುದು ಸುಲಭವಾಗದಿದ್ದರೆ, ಇನ್ನು ಬರಬೇಡಿ ಎಂದು ನಾನೇ ಹೇಳುತ್ತೇನೆ.