ಪುಣೆಯ ಮನೆ ಗ್ಯಾರೇಜಿಗೆ ಕಾರ್ ಲಿಫ್ಟ್: ಸೂರು ಎಷ್ಟು, ನೆಲ ಎಂಥದು, ಕರೆಂಟು ಎಲ್ಲಿಂದ

ಲಿಫ್ಟ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ಟನ್ನಿನದು ಅಂತ. ಮನೆ ಗ್ಯಾರೇಜಿನಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಸ್ವಿಫ್ಟ್ ಒಂದು ಟನ್ನಿನೊಳಗೆ, ಇನ್ನೋವಾ ಕ್ರಿಸ್ಟಾ ಎರಡು ಟನ್ನಿನೊಳಗೆ. ಸಾಮಾನ್ಯವಾಗಿ ಸಿಗುವ ಸಣ್ಣ ಲಿಫ್ಟೂ ಎರಡೂವರೆ, ಮೂರು ಟನ್ ಎತ್ತುತ್ತದೆ. ಯಾವ ಲಿಫ್ಟ್ ತರಬೇಕು ಎಂಬುದನ್ನು ಹೇಳುವುದು ಸೂರಿನ ಎತ್ತರ, ನೆಲದ ಕಾಂಕ್ರೀಟು, ಆಮೇಲೆ ಮೋಟಾರು ಶುರುವಾಗುವ ಆ ಒಂದು ಕ್ಷಣದಲ್ಲಿ ಮನೆಯ ಮೀಟರು ತಡೆದುಕೊಳ್ಳಬಲ್ಲ ಆಂಪಿಯರು.

ನಿಗ್ಡಿ ಪ್ರಾಧಿಕರಣದ ನಮ್ಮ ರೋ ಹೌಸಿನಲ್ಲಿ ಪಾರ್ಕಿಂಗ್ ಇರುವುದು ಮೊದಲ ಮಹಡಿಯ ಕೋಣೆಯ ಕೆಳಗೆ. ನೆಲದಿಂದ ಸ್ಲ್ಯಾಬಿಗೆ 3 ಮೀಟರ್, ಅಡ್ಡ ಬೀಮಿನ ತಳಕ್ಕೆ 2.7. ಲೆಕ್ಕಕ್ಕೆ ಹಿಡಿಯಬೇಕಾದದ್ದು ಬೀಮನ್ನು. ಅದರಲ್ಲಿ ಕಾರಿನ ಎತ್ತರ ಕಳೆದು, ಇನ್ನೊಂದು 100 ಮಿ.ಮೀ. ಅಂತರ ಬಿಟ್ಟು ಉಳಿದದ್ದೇ ನಿಮಗೆ ಸಿಗುವ ಎತ್ತರ. 1,530 ಮಿ.ಮೀ. ಎತ್ತರದ ಸ್ವಿಫ್ಟಿಗೆ 1,070 ಸಿಗುತ್ತದೆ, 1,795ರ ಕ್ರಿಸ್ಟಾಗೆ ಬರೀ 805. ಬಾನೆಟ್ ಅಥವಾ ಹಿಂಬಾಗಿಲು ತೆರೆದಿಟ್ಟು ಎತ್ತುವ ಅಭ್ಯಾಸವಿದ್ದರೆ ತೆರೆದ ಎತ್ತರವನ್ನೇ ಅಳೆಯಿರಿ.

ಕೆಲಸದ ದೃಷ್ಟಿಯಿಂದ ಎರಡು ಕಂಬದ ಲಿಫ್ಟಿಗೆ ಸಾಟಿಯಿಲ್ಲ. ಚಕ್ರ ನಾಲ್ಕೂ ಜೋತಾಡುತ್ತವೆ, ಹೊಟ್ಟೆಯ ಕೆಳಗೆ ಏನೂ ಅಡ್ಡ ಬರುವುದಿಲ್ಲ. ಆದರೆ ಮೇಲೆ ಅಡ್ಡಪಟ್ಟಿ ಇರುವ ಮಾದರಿಗೆ 3.5 ಮೀಟರಿಗಿಂತ ಹೆಚ್ಚು ಸೂರು ಬೇಕು. ಕೇಬಲ್ ನೆಲದ ಮೇಲೆ ಹಾಯುವ ಗಿಡ್ಡ ಮಾದರಿಯ ಕಂಬವೇ 2.7–2.8 ಮೀಟರ್. ನಾಲ್ಕು ಕಂಬದ್ದು ಕಾರು ನಿಲ್ಲಿಸಿಡಲು ಚೆಂದ. ಚಕ್ರಗಳು ಹಲಗೆಯ ಮೇಲೇ ಕೂತಿರುವುದರಿಂದ ಬ್ರೇಕ್ ಕೆಲಸಕ್ಕೆ ನಡುವೆ ಇನ್ನೊಂದು ಜಾಕ್ ಬೇಕಾಗುತ್ತದೆ. ನಾನು ಆರಿಸಿದ್ದು ಮಿಡ್-ರೈಸ್ ಸಿಸರ್, ಅಂದರೆ ಒಂದು ಮೀಟರಿನ ಆಸುಪಾಸು ಏರುವ ಕತ್ತರಿ ಲಿಫ್ಟ್. ಮಡಿಚಿದಾಗ ಸುಮಾರು 110 ಮಿ.ಮೀ. ಎತ್ತರ, ಸ್ವಿಫ್ಟಿನ ಗ್ರೌಂಡ್ ಕ್ಲಿಯರೆನ್ಸ್ 163, ಸಲೀಸಾಗಿ ದಾಟುತ್ತದೆ. ಟೈರು, ಬ್ರೇಕು, ಸಸ್ಪೆನ್ಷನ್, ಆಯಿಲಿಗೆ ಇದು ಸಾಕು. ಕ್ಲಚ್ ಅಥವಾ ಗೇರ್‌ಬಾಕ್ಸ್ ಇಳಿಸಲು ಆಗದು, ಲಿಫ್ಟಿನ ಚೌಕಟ್ಟೇ ನಡುವೆ ಕೂತಿರುತ್ತದೆ.

ನೆಲವನ್ನು ಕಣ್ಣಳತೆಯಲ್ಲಿ ನಂಬಬೇಡಿ. ಇಲ್ಲಿನ ಪಾರ್ಕಿಂಗುಗಳಲ್ಲಿ ಟೈಲ್ಸ್ ಅಥವಾ ಪೇವರ್ ಬ್ಲಾಕಿನ ಕೆಳಗೆ ಕೆಲವೊಮ್ಮೆ 75 ಮಿ.ಮೀ. ಪಿಸಿಸಿ, ಅಂದರೆ ಸರಳಿಲ್ಲದ ಕಾಂಕ್ರೀಟು, ಅದರಡಿಗೆ ಬರೀ ಮುರುಮ್ ಎಂಬ ಕೆಂಪು ಗರಸು ಮಣ್ಣು ಇರುತ್ತದೆ. 12 ಮಿ.ಮೀ. ಬಿಟ್ ಹಾಕಿದ ಹ್ಯಾಮರ್ ಡ್ರಿಲ್ಲಿನಿಂದ ಲಿಫ್ಟ್ ಕೂರುವ ಜಾಗದ ಮೂಲೆಗಳಲ್ಲಿ ತೂತು ಕೊರೆದರೆ ತಿಳಿಯುತ್ತದೆ: ಬೂದು ಪುಡಿ ನಿಂತು ಕೆಂಪು ಮಣ್ಣು ಬಂದು, ಬಿಟ್ ಒಮ್ಮೆಲೇ ಒಳಗೆ ಜಾರಿದ ಆಳವೇ ಕಾಂಕ್ರೀಟಿನ ದಪ್ಪ. ಎರಡು ಕಂಬದ್ದಕ್ಕೆ ಕನಿಷ್ಠ 150 ಮಿ.ಮೀ. ಇಲ್ಲದಿದ್ದರೆ ಅಗೆದು ಹೊಸದಾಗಿ ಹಾಕುವುದೇ ಸರಿ. 4 ಮೀ. × 1.5 ಮೀ. × 200 ಮಿ.ಮೀ. ಪಟ್ಟಿಗೆ 1.2 ಘನ ಮೀಟರ್ ಎಂ25 ಕಾಂಕ್ರೀಟು, ಸುಮಾರು 10 ಚೀಲ ಸಿಮೆಂಟು, 150 ಮಿ.ಮೀ. ಅಂತರದಲ್ಲಿ 10 ಮಿ.ಮೀ. ಸರಳಿನ ಜಾಲ ಬೇಕು. 28 ದಿನ ಕಳೆಯುವ ಮುಂಚೆ ಆಂಕರ್, ಅಂದರೆ ಲಿಫ್ಟನ್ನು ನೆಲಕ್ಕೆ ಹಿಡಿದಿಡುವ ಬೋಲ್ಟು, ಬಿಗಿಯುವಂತಿಲ್ಲ. ಕಾಂಕ್ರೀಟಿನ ಅಂಚಿಗೂ ಬಿರುಕಿಗೂ 150 ಮಿ.ಮೀ. ಒಳಗೆ ಆಂಕರ್ ಬಂದರೆ ಭಾರ ಬಿದ್ದಾಗ ಕಾಂಕ್ರೀಟೇ ಸಿಡಿಯುತ್ತದೆ. ಎರೆಮಣ್ಣಿನ ಜಾಗವಾದರೆ ಅದನ್ನು ತೆಗೆದು ಮುರುಮ್ ತುಂಬಿ ದಮ್ಮಸ್ಸು ಮಾಡದೆ ಸ್ಲ್ಯಾಬ್ ಹಾಕಬೇಡಿ. ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಸಿಯುತ್ತದೆ. ಅಪಾರ್ಟ್‌ಮೆಂಟಿನ ಪೋಡಿಯಂ ಸ್ಲ್ಯಾಬಿನ (ಕೆಳಗೆ ಮಣ್ಣಿಲ್ಲದೆ ಇನ್ನೊಂದು ಅಂತಸ್ತು ಇರುವ ಸ್ಲ್ಯಾಬು) ಮೇಲೆ ಆಂಕರ್ ಹೊಡೆಯುವ ಯೋಚನೆಯನ್ನೇ ಬಿಡಿ.

ಕತ್ತರಿ ಲಿಫ್ಟಿಗೆ ದಪ್ಪಕ್ಕಿಂತ ಮಟ್ಟ ಮುಖ್ಯ. ಮಳೆನೀರು ಗೇಟಿನ ಕಡೆ ಹರಿಯಲೆಂದು ಕೊಟ್ಟ 1:100 ಇಳಿಜಾರು ಎರಡು ಮೀಟರಿನಲ್ಲಿ 20 ಮಿ.ಮೀ. ಆಗುತ್ತದೆ. ಅದನ್ನು ಟೈಲ್ಸಿನ ಚೂರು ಇಟ್ಟು ಸರಿಮಾಡಬಾರದು. ಉಕ್ಕಿನ ಶಿಮ್, ಅಂದರೆ ತೆಳು ತಗಡಿನ ತುಂಡು ಇಟ್ಟು, ಕುಗ್ಗದ ಗ್ರೌಟ್ (ಸಿಮೆಂಟಿನ ಗಾರೆ) ತುಂಬಿ. ಭೋಸರಿಯ ಯಾವ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಾದರೂ ಶಿಮ್ ಕತ್ತರಿಸಿ ಕೊಡುತ್ತಾರೆ.

ಇನ್ನು ಕರೆಂಟು. ಜನ ಹೆಚ್ಚಾಗಿ ಎಡವುವುದು ಇಲ್ಲೇ.

ಈ ಲಿಫ್ಟುಗಳ ಮೋಟಾರು ಬಹುತೇಕ 2.2 ಕಿಲೋವ್ಯಾಟ್, ಅಂದರೆ 3 ಎಚ್‌ಪಿ. ಗೀಸರ್‌ನಷ್ಟೇ ತಾನೆ ಎಂದುಕೊಂಡರೆ ಕೆಟ್ಟಿತು. 415 ವೋಲ್ಟ್ ತ್ರೀ ಫೇಸಿನಲ್ಲಿ ಅದು ಎಳೆಯುವುದು 4.7 ಆಂಪ್, 230 ವೋಲ್ಟ್ ಸಿಂಗಲ್ ಫೇಸ್ ಮೋಟಾರಾದರೆ ಸುಮಾರು 15. ಶುರುವಾಗುವ ಕ್ಷಣದಲ್ಲಿ ಇದರ ಆರು ಪಟ್ಟು, ಅಂದರೆ 90 ಆಂಪ್. ಮೀಟರಿನಿಂದ ಗ್ಯಾರೇಜಿಗೆ 22 ಮೀಟರ್ ದೂರವಿದ್ದು 2.5 ಚದರ ಮಿ.ಮೀ. ತಾಮ್ರದ ವೈರು ಎಳೆದಿದ್ದರೆ, ಹೋಗಿ ಬರುವ 44 ಮೀಟರಿನ ರೋಧ 0.35 ಓಮ್. 90 ಆಂಪಿಗೆ 31 ವೋಲ್ಟ್ ವೈರಿನಲ್ಲೇ ಕರಗುತ್ತದೆ. ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣ, ಹಾಗಾಗಿ ಉಳಿದದ್ದು ಮುಕ್ಕಾಲು ಪಾಲು ಬಲ. ಮೇ ತಿಂಗಳ ಸಂಜೆ ಎಲ್ಲರ ಎಸಿ ಓಡುವಾಗ ಲೈನೇ 210ಕ್ಕೆ ಇಳಿದಿದ್ದರೆ ಅದು ಶೇ. 60ಕ್ಕೆ ಬರುತ್ತದೆ. ಕತ್ತರಿ ಲಿಫ್ಟಿಗೆ ಅತಿ ಹೆಚ್ಚು ಬಲ ಬೇಕಾಗುವುದು ಪೂರ್ತಿ ಮಡಿಚಿದ್ದಾಗ, ತೋಳುಗಳು ನೆಲಕ್ಕೆ ಒರಗಿದಂತಿರುವಾಗ. ಬಲ ಕಡಿಮೆ ಸಿಗುವ ಗಳಿಗೆಯೂ ಅದೇ. ಮೋಟಾರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಸ್ವಿಚ್ಚು ಒತ್ತಿಹಿಡಿದರೆ ಸ್ಟಾರ್ಟಿಂಗ್ ಕೆಪಾಸಿಟರ್ ಹಾರುತ್ತದೆ. ಹಾಗಾಗಿ ನೇರ ಸಿಂಗಲ್ ಫೇಸ್ ಮೋಟಾರೇ ಇರಲಿ ಅನ್ನುವವರು 6 ಚದರ ಮಿ.ಮೀ. ವೈರು, 20 ಆಂಪಿನ ಡಿ ಕರ್ವ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಹಾಕಬೇಕು. ಸಿ ಕರ್ವ್ ಎಂಸಿಬಿ ಐದು ಪಟ್ಟು ಮೀರಿದರೆ ಬೀಳಬಹುದು, ಡಿ ಹತ್ತು ಪಟ್ಟಿನ ತನಕ ತಡೆಯುತ್ತದೆ.

ಇಲ್ಲಿನ ವಿದ್ಯುತ್ ಕಂಪನಿ ಮಹಾವಿತರಣದಿಂದ ತ್ರೀ ಫೇಸ್ ತೆಗೆದುಕೊಂಡರೆ ಈ ತಲೆನೋವಿಲ್ಲ, ಆದರೆ ತಿಂಗಳ ಸ್ಥಿರ ಶುಲ್ಕ ಏರುತ್ತದೆ. ಜೊತೆಗೆ ಫೇಸ್ ಕ್ರಮ ನೋಡುವ ರಿಲೇ ಮತ್ತು ಒಂದು ಫೇಸ್ ಹೋದರೆ ಮೋಟಾರು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಬೇಕೇ ಬೇಕು. ಕಂಬದಲ್ಲಿ ದುರಸ್ತಿಯಾದ ಮೇಲೆ ಎರಡು ಫೇಸ್ ಅದಲುಬದಲಾಗಿದ್ದರೆ ಲಿಫ್ಟನ್ನು ಎತ್ತುವ ಎಣ್ಣೆಯ ಪಂಪು ಹಿಂದುಮುಂದಾಗಿ ತಿರುಗಿ ಎಣ್ಣೆಯಿಲ್ಲದೆ ಒಣಗುತ್ತದೆ.

ನನ್ನ ಆಯ್ಕೆ ಮೂರನೆಯದು: ತ್ರೀ ಫೇಸ್ ಮೋಟಾರಿನ ಲಿಫ್ಟ್, ಮನೆಯ ಸಿಂಗಲ್ ಫೇಸ್, ನಡುವೆ 2.2 ಕಿಲೋವ್ಯಾಟ್ ವಿಎಫ್‌ಡಿ, ಅಂದರೆ ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿ ಮೋಟಾರಿನ ವೇಗವನ್ನು ಮೆಲ್ಲಗೆ ಏರಿಸುವ ಪೆಟ್ಟಿಗೆ. ಕೊಳ್ಳುವ ಮೊದಲೇ ಮೋಟಾರಿನ ನಾಮಫಲಕ ಓದಿ. 220–240 ಡೆಲ್ಟಾ, 380–415 ಸ್ಟಾರ್ (ಡೆಲ್ಟಾ, ಸ್ಟಾರ್ ಎಂದರೆ ಮೋಟಾರಿನ ಸುರುಳಿಗಳನ್ನು ಜೋಡಿಸುವ ಎರಡು ಬಗೆ) ಎಂದಿದ್ದು, ಪೆಟ್ಟಿಗೆಯೊಳಗೆ ಆರು ಟರ್ಮಿನಲ್ ಇದ್ದರೆ ಕೆಲಸವಾಯಿತು; ತಗಡಿನ ಕೊಂಡಿ ಬದಲಿಸಿ ಡೆಲ್ಟಾ ಮಾಡಿ. ಸಿಂಗಲ್ ಫೇಸ್ ವಿಎಫ್‌ಡಿ ಹೊರಗೆ ಕೊಡುವುದು ಹೆಚ್ಚೆಂದರೆ 230 ವೋಲ್ಟ್, ಆದ್ದರಿಂದ 415 ಡೆಲ್ಟಾ ಅಂತ ಬರೆದ ಮೋಟಾರು ಇಲ್ಲಿ ನಡೆಯದು. 60 ಹರ್ಟ್ಸ್ ಮಾತ್ರ ಬರೆದಿರುವ ಆಮದು ಮೋಟಾರನ್ನು ನಮ್ಮ 50 ಹರ್ಟ್ಸಿನ ನೇರ ಲೈನಿಗೆ ಹಾಕಿದರೆ ಒಳಗಿನ ಕಬ್ಬಿಣದ ಕೋರ್ ಹೊರಬಲ್ಲ ಕಾಂತತೆ ಮೀರಿ ಬಿಸಿಯಾಗುತ್ತದೆ.

ಡೆಲ್ಟಾದಲ್ಲಿ ಮೋಟಾರಿಗೆ ಸುಮಾರು 8.5 ಆಂಪ್ ಹೋಗುತ್ತದೆ. ವಿಎಫ್‌ಡಿಯ ಓವರ್‌ಲೋಡನ್ನು ಅಷ್ಟಕ್ಕೇ ಇಡಿ. ಲೈನಿನಿಂದ ಅದು ಪೂರ್ಣ ಭಾರದಲ್ಲಿ 18ರಿಂದ 23 ಆಂಪ್ ಎಳೆಯುತ್ತದೆ, ನೇರ ಮೋಟಾರಿಗಿಂತ ಹೆಚ್ಚೇ. ಆದರೆ 90ರ ಹೊಡೆತ ಇಲ್ಲ. 32 ಆಂಪ್ ಎಂಸಿಬಿ, 6 ಚದರ ಮಿ.ಮೀ. ವೈರು, ಲಿಫ್ಟ್ ಏರುವಾಗ ಗೀಸರ್ ಬಂದ್. ವೇಗ ಏರುವ ಸಮಯ 1 ಸೆಕೆಂಡ್, ಓಟ ಸದಾ 50 ಹರ್ಟ್ಸಿನಲ್ಲಿ. ಮೆಲ್ಲಗೆ ಏರಲಿ ಎಂದು 25 ಹರ್ಟ್ಸಿಗಿಂತ ಕೆಳಗಿಟ್ಟರೆ ಗೇರ್ ಪಂಪಿನೊಳಗೇ ಎಣ್ಣೆ ಸೋರಿ ಒತ್ತಡ ಏಳುವುದಿಲ್ಲ.

ಎಲೆಕ್ಟ್ರಿಷಿಯನ್ನರು ಮರೆಯುವುದು ಎರಡು. ಲಿಫ್ಟಿನ ಪೆಟ್ಟಿಗೆಯೊಳಗಿನ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ 415ರ ಟ್ಯಾಪಿನಲ್ಲಿರುತ್ತದೆ. ಅದನ್ನು 230ಕ್ಕೆ ಬದಲಿಸದಿದ್ದರೆ ಇಳಿಸುವ ಸೊಲೆನಾಯ್ಡ್ ವಾಲ್ವ್ ಎಳೆಯುವುದಿಲ್ಲ. ಆ ಟ್ರಾನ್ಸ್‌ಫಾರ್ಮರಿಗೆ ಕರೆಂಟು ಲೈನಿನಿಂದಲೇ ಬರಬೇಕು, ವಿಎಫ್‌ಡಿಯ ಔಟ್‌ಪುಟ್ಟಿನಿಂದಲ್ಲ. ಎರಡನೆಯದು, ಮೋಟಾರಿಗೆ ಕರೆಂಟು ಕೊಟ್ಟು ಕಡಿಯುತ್ತಿದ್ದ ಹಳೆಯ ಕಾಂಟ್ಯಾಕ್ಟರನ್ನು ವಿಎಫ್‌ಡಿ ಮತ್ತು ಮೋಟಾರಿನ ನಡುವೆ ಹಾಗೇ ಬಿಡುವುದು. ಓಟದ ನಡುವೆ ಅದು ತೆರೆದು ಮುಚ್ಚಿದರೆ ವಿಎಫ್‌ಡಿ ಸುಡುತ್ತದೆ. ಅದನ್ನು ತೆಗೆದು, ಏರಿಸುವ ಬಟನ್ನಿನ ತಂತಿಯನ್ನು ವಿಎಫ್‌ಡಿಯ ರನ್ ಟರ್ಮಿನಲ್ಲಿಗೆ ಕೊಡಿ. ಮಿತಿ ಸ್ವಿಚ್ಚನ್ನು ಅದೇ ಸಾಲಿನಲ್ಲಿ ಸೇರಿಸಿ.

ಕರೆಂಟು ಅರ್ಥಿಗೆ ಸೋರಿದರೆ ಬೀಳುವ ಮನೆಯ ಆರ್‌ಸಿಸಿಬಿಯ ಮೇಲೆ ಇದನ್ನು ಹೇರಬೇಡಿ. ವಿಎಫ್‌ಡಿಯೊಳಗಿನ ಫಿಲ್ಟರಿನ ಸೋರಿಕೆಗೆ ಇಡೀ ಮನೆ ಕತ್ತಲಾಗುತ್ತದೆ. ಬೇರೆಯೇ ಆರ್‌ಸಿಸಿಬಿ ಇರಲಿ, ಎಸಿ ಟೈಪ್ ಬೇಡ, ಎಫ್ ಟೈಪ್ ಒಳ್ಳೆಯದು. ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ ಕೇಳುವಾಗ ಟೈಪ್ ಹೇಳಿಯೇ ಕೇಳಿ. ಮೋಟಾರಿನ ಚೌಕಟ್ಟಿಗೆ ಎರಡು ಪ್ರತ್ಯೇಕ ಅರ್ಥಿಂಗ್ ಬೇಕು. ಇಲ್ಲಿ ಸ್ವಲ್ಪ ಅಗೆದರೆ ಕರಿಕಲ್ಲು ಸಿಗುತ್ತದೆ, ಒಂದು ಗುಂಡಿ ಸಾಲದಿರಬಹುದು; ಅಳೆಸಿ ನೋಡಿ. ವಿಎಫ್‌ಡಿಯ ಪೆಟ್ಟಿಗೆಗೆ ಕೇಬಲ್ ಗ್ಲ್ಯಾಂಡ್ ಹಾಕಿ, ಗಾಳಿಯ ಕಿಂಡಿಗೆ ಸಣ್ಣ ಜಾಲರಿ ಬಡಿಯಿರಿ. ಬೆಚ್ಚಗಿನ ಜಾಗ ಕಂಡರೆ ಹಲ್ಲಿ ಬಿಡುವುದಿಲ್ಲ.

ಹೈಡ್ರಾಲಿಕ್ ಎಣ್ಣೆ ಐಎಸ್‌ಒ ವಿಜಿ 46 ದರ್ಜೆಯದು, ಸುಮಾರು 10 ಲೀಟರ್. ಟ್ಯಾಂಕಿನ ಸಾಗಣೆ ಬಿರಡೆ ತೆಗೆದು ಬ್ರೀದರ್ (ಗಾಳಿಯಾಡುವ ಮುಚ್ಚಳ) ಹಾಕಿದ್ದೀರಾ ನೋಡಿ, ಇಲ್ಲದಿದ್ದರೆ ಪಂಪು ಗರಗರ ಅನ್ನುತ್ತದೆ. ಮೊದಲ ಓಟ ಒಂದೆರಡು ಸೆಕೆಂಡ್ ಮಾತ್ರ. ಎಣ್ಣೆ ಏರದಿದ್ದರೆ ಮೋಟಾರಿನ ಎರಡು ತಂತಿ ಅದಲುಬದಲು ಮಾಡಿ. ಸಿಲಿಂಡರಿನ ಗಾಳಿ ಹೋಗುವ ತನಕ ಖಾಲಿ ಲಿಫ್ಟನ್ನು ಪೂರ್ತಿ ಏರಿಸಿ ಇಳಿಸಿ, ಕುಲುಕು ನಿಂತ ಮೇಲೆ ಕಾರು ತನ್ನಿ. ಮುಂದೆ ಇಂಜಿನ್ ಇರುವ ಕಾರಿನ ಭಾರ ಮುಂದಕ್ಕೇ ಹೆಚ್ಚು, ಅದಕ್ಕೆ ತಕ್ಕಂತೆ ಮುಂದೆ ಹಿಂದೆ ಸರಿಸಿ ನಿಲ್ಲಿಸಬೇಕು. ನಾಲ್ಕೂ ಪ್ಯಾಡು ಬಾಗಿಲ ಕೆಳಗಿನ ಸಿಲ್ಲಿನ ಬೆಸುಗೆ ಅಂಚಿಗೆ ಕೂತಿವೆಯೇ ನೋಡಿ 200 ಮಿ.ಮೀ. ಎತ್ತಿ ಕೈಯಿಂದ ಅಲುಗಿಸಿ. ಕೆಳಗೆ ಹೋಗುವ ಮುನ್ನ ಲಾಕ್ ಹಲ್ಲಿನ ಮೇಲೆ ಇಳಿಸಿ ಕೂರಿಸಿ. ಭಾರ ಹೊರಬೇಕಾದದ್ದು ಲಾಕ್, ಎಣ್ಣೆಯಲ್ಲ.

ಗಾಳಿಯಿಂದ ಲಾಕ್ ಬಿಡಿಸುವ ಮಾದರಿಯಾದರೆ 6–8 ಬಾರ್ ಕಂಪ್ರೆಸರ್ ಬೇಕು, ಕರೆಂಟು ಹೋದಾಗ ಕಾರು ಮೇಲೇ ಉಳಿಯುತ್ತದೆ. ಕಂಪ್ರೆಸರಿನ ಟ್ಯಾಂಕಿನಲ್ಲಿ ಗಾಳಿ ಹಿಡಿದಿಟ್ಟುಕೊಳ್ಳಿ, ಕೈಯಿಂದ ತೆರೆಯುವ ವಾಲ್ವ್ ಎಲ್ಲಿದೆ ಎಂದು ಮೊದಲೇ ಗುರುತು ಮಾಡಿ. ಗೋವಾ, ಮುಂಬೈಯ ಉಪ್ಪುಗಾಳಿಯಲ್ಲಿ ಆಂಕರು, ಶಿಮ್ ಎಲ್ಲವೂ ಹಾಟ್ ಡಿಪ್ ಗ್ಯಾಲ್ವನೈಸ್ ಆಗಿರಲಿ. ಮಳೆಗಾಲ ಮುಗಿದ ಮೇಲೆ ಲಿಫ್ಟಿನ ಟ್ಯಾಂಕಿನ ತಳದ ಎಣ್ಣೆ ಒಂದಿಷ್ಟು ಬಾಟಲಿಗೆ ತೆಗೆದು ನೋಡಿ. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ, ಪೂರ್ತಿ ಬದಲಿಸಿ.