ಬ್ಯಾಟ್ ಕೊಳ್ಳುವ ಮುಂಚೆ: ಯಾವ ಬಾಲ್, ಯಾವ ಪಿಚ್, ಎಷ್ಟು ತೂಕ

ಬಳ್ಳಾರಿಯಲ್ಲಾಗಲಿ ಕೊಪ್ಪಳದಲ್ಲಾಗಲಿ, ಬ್ಯಾಟ್ ಕೊಳ್ಳಲು ಹೋದವರು ಮೊದಲು ಕೇಳುವುದು ಇಂಗ್ಲಿಷ್ ವಿಲ್ಲೋ (ಇಂಗ್ಲೆಂಡಿನ ವಿಲ್ಲೋ ಮರ) ಬ್ಯಾಟಿನ ರೇಟು. ಅದಕ್ಕೂ ಮುಂಚೆ ನೀವು ಆಡುವ ಬಾಲ್ ಯಾವುದು ಅನ್ನುವುದು ತೀರ್ಮಾನವಾಗಲಿ. ಟೆನಿಸ್ ಬಾಲ್ ಬ್ಯಾಟುಗಳಲ್ಲಿ ತೂಕ ಇಳಿಸಲು ಹಿಂಬದಿಯ ಮರವನ್ನು ಕೆತ್ತಿ ತೆಗೆದಿರುತ್ತಾರೆ. ಅದರಲ್ಲಿ 156ರಿಂದ 163 ಗ್ರಾಂ ತೂಗುವ ಲೆದರ್ ಬಾಲ್ ಹೊಡೆದರೆ ಟೋ (ಬ್ಯಾಟಿನ ಕೆಳತುದಿ) ಸೀಳುತ್ತದೆ, ಇಲ್ಲವೇ ಹ್ಯಾಂಡಲ್ ಕೂಡುವ ಜಾಗದಲ್ಲಿ ಬಿರುಕು ಬಿಡುತ್ತದೆ.

ಲೆದರ್ ಬಾಲ್ ಈಗಷ್ಟೇ ಶುರುಮಾಡಿದವರಿಗೆ ಕಾಶ್ಮೀರ ವಿಲ್ಲೋ ಸಾಕು. ಮರ ಗಟ್ಟಿ, ಏಟು ತಡೆಯುತ್ತದೆ. ಕಲಿಯುವಾಗ ಬಾಲ್ ಎಡ್ಜಿಗೇ (ಬ್ಯಾಟಿನ ಅಂಚಿಗೇ) ಹೆಚ್ಚು ಬಡಿಯುವುದರಿಂದ ಅದೇ ಬೇಕು. ವಾರಕ್ಕೆ ಮೂರ್ನಾಲ್ಕು ದಿನ ನೆಟ್ಸ್ ಆಡಿ, ಬಾಲ್ ಬ್ಯಾಟಿನ ನಡುವೆ ಸಿಗತೊಡಗಿದ ಮೇಲೆ ಇಂಗ್ಲಿಷ್ ವಿಲ್ಲೋ ಗ್ರೇಡ್ 3 ಅಥವಾ 4 ನೋಡಿ. ಗ್ರೇಡ್ ಅನ್ನುವುದು ಬಹುಪಾಲು ಕಣ್ಣಿಗೆ ಕಾಣುವ ಅಂದದ ಲೆಕ್ಕ. ಬ್ಯಾಟಿನ ಮುಖದ, ಅಂದರೆ ಬಾಲ್ ಹೊಡೆಯುವ ಬದಿಯ, ಮೇಲೆ ಕಂದು ಕಲೆಯಿದ್ದ ಮಾತ್ರಕ್ಕೆ ಬ್ಯಾಟ್ ಕೆಟ್ಟದ್ದಲ್ಲ. ಗ್ರೇನ್ (ಮರದ ಉದ್ದ ಗೆರೆಗಳು) ಒತ್ತೊತ್ತಾಗಿದ್ದರೆ ಬೇಗ ಹದಕ್ಕೆ ಬರುತ್ತದೆ, ಆದರೆ ಬೇಗ ಸವೆಯುವುದೂ ಉಂಟು.

ತೂಕದಲ್ಲೇ ಹೆಚ್ಚು ಜನ ಎಡವುವುದು. ಬ್ಯಾಟನ್ನು ಮೇಲಿನ ಕೈಯೊಂದರಲ್ಲೇ ಹಿಡಿದು ಬ್ಯಾಕ್‌ಲಿಫ್ಟ್ ಎತ್ತರಕ್ಕೆ (ಹೊಡೆಯುವ ಮುನ್ನ ಹಿಂದಕ್ಕೆ ಎತ್ತುವಷ್ಟು) ತಂದು ಹತ್ತು ಎಣಿಸಿ. ಮಣಿಕಟ್ಟು ಜೋತುಬಿದ್ದರೆ ಅದು ನಿಮ್ಮ ಬ್ಯಾಟಲ್ಲ. ಹೊಸಬರಾದ ದೊಡ್ಡವರಿಗೆ 1,100ರಿಂದ 1,180 ಗ್ರಾಂ ಸರಿಯಾಗುತ್ತದೆ. ತಕ್ಕಡಿಯೊಂದನ್ನೇ ನಂಬಬೇಡಿ: ಒಂದೇ ತೂಕದ ಎರಡು ಬ್ಯಾಟುಗಳಲ್ಲಿ ಮರ ಕೆಳಗೆ ಕೂಡಿರುವುದು ಕೈಗೆ ಭಾರ ಎನಿಸುತ್ತದೆ. "ಹುಡುಗ ಬೆಳೀತಾನೆ" ಅಂತ ದೊಡ್ಡ ಸೈಜ್ ಕೊಡಿಸುವುದು ದೊಡ್ಡ ತಪ್ಪು. ಕೆಳಗಿನ ಕೈ ಜೋರು ಮಾಡಿ ಎತ್ತುವುದು ರೂಢಿಯಾಗಿ, ಬ್ಯಾಟ್ ಅಡ್ಡ ಬರತೊಡಗುತ್ತದೆ. ಆಮೇಲೆ ತಿದ್ದುವುದು ಕಷ್ಟ. ಸುಮಾರು 5 ಅಡಿ ಎತ್ತರಕ್ಕೆ ಸೈಜ್ 6, 5 ಅಡಿ 4 ಇಂಚಿನವರೆಗೆ ಹ್ಯಾರೋ (ಸೈಜ್ 6ಕ್ಕಿಂತ ಒಂದು ಸೈಜ್ ದೊಡ್ಡದು), ಅದರ ಮೇಲೆ ಶಾರ್ಟ್ ಹ್ಯಾಂಡಲ್ (ದೊಡ್ಡವರ ಮಾಮೂಲಿ ಸೈಜ್).

ಇನ್ನು ಪಿಚ್. ಎರೆಮಣ್ಣಿನ ಸವೆದ ಪಿಚ್ಚಿನಲ್ಲಿ ಬಾಲ್ ಕೆಳಗೇ ಉಳಿಯುತ್ತದೆ, ಹಾಗಾಗಿ ಸ್ವೀಟ್ ಸ್ಪಾಟ್ (ಬಾಲ್ ಚೆನ್ನಾಗಿ ಚಿಮ್ಮುವ ಜಾಗ) ಕೆಳಗಿರಲಿ. ಮ್ಯಾಟ್ ಹಾಸಿದ ಪಿಚ್ಚಿನಲ್ಲಿ ಬಾಲ್ ಪುಟಿಯುವುದರಿಂದ ನಡುವೆ ಅಥವಾ ತುಸು ಮೇಲಿರಬೇಕು. ಹುಡುಕುವುದು ಸುಲಭ: ಹ್ಯಾಂಡಲನ್ನು ಎರಡು ಬೆರಳಲ್ಲಿ ಸಡಿಲ ಹಿಡಿದು ತೂಗುಬಿಡಿ, ಮರದ ಮ್ಯಾಲೆಟ್ಟಿನಿಂದ (ಸುತ್ತಿಗೆಯಿಂದ) ಟೋ ಕಡೆಯಿಂದ ಇಂಚಿಂಚು ಮೇಲಕ್ಕೆ ತಟ್ಟುತ್ತಾ ಬನ್ನಿ. ಬೆರಳಿಗೆ ಜುಮ್ಮೆನ್ನುವುದು ಎಲ್ಲಿ ನಿಲ್ಲುತ್ತದೋ ಅದೇ ಜಾಗ.

ತಂದ ದಿನವೇ ಮ್ಯಾಚಿಗೆ ಇಳಿಸಬೇಡಿ. ಹಸಿ ಅಗಸಿ ಎಣ್ಣೆ ಒಂದು ಚಮಚದಷ್ಟು ಮುಖ, ಎಡ್ಜ್, ಟೋಗೆ ತೆಳ್ಳಗೆ ಸವರಿ, ಮುಖ ಮೇಲಾಗಿ ಒಂದು ದಿನ ಮಲಗಿಸಿಡಿ. ಮಾರನೇ ದಿನ ಇನ್ನೊಮ್ಮೆ. ಪೇಂಟ್ ಅಂಗಡಿಯ ಕುದಿಸಿದ ಎಣ್ಣೆ ಬೇಡ. ಹ್ಯಾಂಡಲ್ ಕೂಡುವಲ್ಲಿ ಎಣ್ಣೆ ತಾಗಬಾರದು, ಅಂಟು ಸಡಿಲವಾಗುತ್ತದೆ. ಮುಖಕ್ಕೆ ಪಾರದರ್ಶಕ ಶೀಟ್ ಅಂಟಿಸಿದ್ದರೆ ಎಣ್ಣೆ ಎಡ್ಜ್, ಟೋಗಷ್ಟೇ. ಆಮೇಲೆ ಬ್ಯಾಟ್ ಹದಕ್ಕೆ ಬರಲು ಹತ್ತು ಹತ್ತು ನಿಮಿಷದಂತೆ, ಒಟ್ಟು ನಾಲ್ಕರಿಂದ ಆರು ಗಂಟೆ ಮ್ಯಾಲೆಟ್ಟಿನಿಂದ ತಟ್ಟಿ. ಮೊದಮೊದಲು ಮೆಲ್ಲಗೆ, ಬರಬರುತ್ತ ಜೋರಾಗಿ. ಎಡ್ಜನ್ನು ನೇರವಾಗಿ ಹೊಡೆಯದೆ ಓರೆಯಾಗಿ ತಟ್ಟಿ ದುಂಡಗೆ ಮಾಡಿ. ಟೋ ತಳಕ್ಕೆ ಹೊಡೆಯಲೇಬೇಡಿ. ಹಳೇ ಲೆದರ್ ಬಾಲಿನಲ್ಲಿ ಹಗುರ ಕ್ಯಾಚ್ ಹೊಡೆದು ನೋಡಿ: ಹೊಲಿಗೆಯ ಗುರುತು ಆಳವಾಗಿ ಮೂಡಿದರೆ ಇನ್ನೊಂದು ಗಂಟೆ ತಟ್ಟುವುದು ಬಾಕಿ ಇದೆ.

ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾರಿನ ಡಿಕ್ಕಿಯಲ್ಲೋ ತಗಡಿನ ಛಾವಣಿಯ ಕೋಣೆಯಲ್ಲೋ ಬಿಟ್ಟ ಬ್ಯಾಟ್ ಒಣಗಿ ಬಿರಿಯುತ್ತದೆ. ಹಾಗಂತ ಎಣ್ಣೆ ಸುರಿದರೆ ಮರ ಸತ್ತು ಭಾರವಾಗುತ್ತದೆ. ಸೀಸನ್ನಿಗೊಮ್ಮೆ ತೆಳ್ಳಗೆ ಸವರಿದರೆ ಸಾಕು. ನೀರು ಹಾಕಿದ ಪಿಚ್ಚಿನಲ್ಲಿ ಆಡುವವರು ಟೋಗೆ ರಬ್ಬರ್ ಗಾರ್ಡ್ ಅಂಟಿಸಿಕೊಳ್ಳಿ, ತೇವ ಹೀರಿ ಉಬ್ಬಿದ ಟೋ ಒಂದೇ ಯಾರ್ಕರಿಗೆ ಸೀಳಿಬಿಡುತ್ತದೆ.