ಅಟ್ಟದ ಮೇಲಿನ ಸಿನಿ ರೀಲು ಉಳಿಸಿಕೊಳ್ಳುವುದು ಹೇಗೆ

ಮೊದಲ ಮಾತು. ರೀಲು ಸಿಕ್ಕ ಖುಷಿಯಲ್ಲಿ ಅದನ್ನು ಪ್ರೊಜೆಕ್ಟರಿಗೆ ಹಾಕಬೇಡಿ. ಪ್ರೊಜೆಕ್ಟರ್ ಜೊತೆಗೇ ಸಿಕ್ಕಿದ್ದರೂ ಬೇಡ. ನಲವತ್ತು ಐವತ್ತು ಮಳೆಗಾಲ ಕಂಡ ಫಿಲ್ಮ್ ಸ್ವಲ್ಪವಾದರೂ ಕುಗ್ಗಿರುತ್ತದೆ. ಪ್ರೊಜೆಕ್ಟರಿನ ಹಲ್ಲು ಫಿಲ್ಮಿನ ತೂತಿಗೆ ಸರಿಯಾಗಿ ಕೂರುವುದಿಲ್ಲ, ಎಳೆದಾಗ ತೂತು ಹರಿಯುತ್ತದೆ. ನಡುವೆ ಸಿಕ್ಕಿಕೊಂಡರೆ ಬಲ್ಬಿನ ಬಿಸಿಗೆ ಆ ಫ್ರೇಮ್ ಕರಗಿಯೇ ಹೋಗುತ್ತದೆ. ಮನೆಯಲ್ಲಿ ತೆಗೆದ ಇಂಥ ರೀಲುಗಳಿಗೆ ಸಾಮಾನ್ಯವಾಗಿ ನೆಗೆಟಿವ್ ಅಂತ ಬೇರೆ ಇರುವುದಿಲ್ಲ. ಕ್ಯಾಮೆರಾದೊಳಗೆ ಓಡಿದ ಫಿಲ್ಮನ್ನೇ ತೊಳೆದು ಪರದೆಗೆ ಬಿಡುತ್ತಿದ್ದರು. ಹಾಗಾಗಿ ನಿಮ್ಮ ಕೈಲಿರುವುದೇ ಮೊದಲನೆಯ ಪ್ರತಿ, ಕೊನೆಯ ಪ್ರತಿಯೂ ಅದೇ.

ನಾನು ಕಾರವಾರದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವವನು. ಕೆಲವು ವರ್ಷಗಳಿಂದ ಜನ ಹಳೇ ರೀಲು ಹಿಡಿದುಕೊಂಡು ಬರತೊಡಗಿದ್ದಾರೆ. ಹಡಗಿನ ಕೆಲಸಕ್ಕೆ ಹೋಗಿ ಬಂದವರ ಮನೆಯಿಂದ, ಮುಂಬೈ ಸೇರಿದವರ ಊರಮನೆಯಿಂದ, ಶಿರಸಿ ಕಡೆಯ ಅಡಿಕೆ ತೋಟದ ಮನೆಗಳಿಂದ. ಬಿಸ್ಕತ್ತಿನ ಡಬ್ಬಿಯಲ್ಲಿ, ಹಳೇ ಟ್ರಂಕಿನಲ್ಲಿ, ದೇವರ ಕೋಣೆಯ ಅಟ್ಟದ ಮೇಲೆ ಇವು ಕೂತಿರುತ್ತವೆ. ಬರುವ ಪ್ರತಿಯೊಬ್ಬರಿಗೂ ಹೇಳುವ ಮಾತನ್ನೇ ಇಲ್ಲಿ ಬರೆದಿದ್ದೇನೆ.

ಇದರ ಗುಂಗು ಯಾಕೆ ಹಿಡಿಯುತ್ತದೆ ಅಂತ ಕೇಳಿದರೆ, ಯೂಟ್ಯೂಬಿನಲ್ಲಿ ಲುಮಿಯೇರ್ ಸಹೋದರರ ತುಣುಕುಗಳನ್ನು ನೋಡಿ ಅನ್ನುತ್ತೇನೆ. 1895ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ ಅವರು ಟಿಕೆಟ್ ಇಟ್ಟು ಸಿನಿಮಾ ತೋರಿಸಿದರು. 1896ರ ಜುಲೈ 7ಕ್ಕೆ ಅದು ಮುಂಬೈನ ವಾಟ್ಸನ್ ಹೋಟೆಲಿಗೇ ಬಂತು. ಆ ಕಾಲದ ತುಣುಕುಗಳನ್ನು ಈಗ ಒಂದೊಂದೇ ಫ್ರೇಮ್ ಸ್ಕ್ಯಾನ್ ಮಾಡಿ, ಧೂಳು ತೆಗೆದು, ಅಲುಗಾಟ ನಿಲ್ಲಿಸಿ ಬಿಡುತ್ತಿದ್ದಾರೆ. ನೋಡುವಾಗ ನನ್ನ ಕಣ್ಣು ನಡುವಿನ ಘಟನೆಯ ಮೇಲೆ ನಿಲ್ಲುವುದೇ ಇಲ್ಲ. ಮೂಲೆಯಲ್ಲಿ ಒಬ್ಬ ಕ್ಯಾಮೆರಾ ಕಡೆ ತಿರುಗಿ ಟೋಪಿ ಸರಿಮಾಡಿಕೊಳ್ಳುತ್ತಾನೆ. ನೂರಿಪ್ಪತ್ತು ವರ್ಷ ಹಿಂದಿನವನು, ನಮ್ಮ ಹಾಗೇ ನಾಚಿಕೊಳ್ಳುತ್ತಾನೆ, ಅಲ್ವಾ? ನಮ್ಮ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ ಬಂದಿದ್ದು 1934ರಲ್ಲಿ. ಅದರ ಪ್ರಿಂಟ್ ಇವತ್ತು ಎಲ್ಲೂ ಸಿಗುವುದಿಲ್ಲ. ಚಿತ್ರಮಂದಿರಗಳಲ್ಲಿ ಓಡಿದ ಸಿನಿಮಾಕ್ಕೇ ಈ ಗತಿ ಅಂದಮೇಲೆ ಮನೆಯ ರೀಲಿನ ಪಾಡು ಕೇಳಬೇಕಾ? ಅದನ್ನು ಉಳಿಸುವವರು ಮನೆಯವರೇ.

ಮೂಗು, ಸ್ಕೇಲು, ಭೂತಗನ್ನಡಿ

ಕಿಟಕಿ ಹತ್ತಿರ ಕೂತು ಡಬ್ಬಿ ತೆಗೆಯಿರಿ. ಮೊದಲು ಮೂಸಿ ನೋಡಿ. ವಿನೆಗರ್ ವಾಸನೆ ಗಪ್ಪನೆ ಮೂಗಿಗೆ ಹೊಡೆದರೆ ಫಿಲ್ಮಿನ ಬುಡವೇ ಕೊಳೆಯುತ್ತಿದೆ ಅಂತ ಅರ್ಥ. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮ್ ಸೆಖೆ ಮತ್ತು ತೇವದಲ್ಲಿ ಒಡೆಯುತ್ತ ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲ ಮತ್ತಷ್ಟು ಫಿಲ್ಮನ್ನು ಒಡೆಯುತ್ತದೆ. ಶುರುವಾದದ್ದು ತಾನಾಗಿ ನಿಲ್ಲುವುದಿಲ್ಲ. ಈ ಕಾಯಿಲೆಯ ಮೊದಲ ದೂರು ಕೊಡಾಕ್ ಕಂಪನಿಗೆ ಹೋಗಿದ್ದೇ ನಮ್ಮ ಭಾರತ ಸರ್ಕಾರದಿಂದ. ಇಲ್ಲಿನ ಹವೆ ಅಂಥದ್ದು. ಜೂನ್ ಜುಲೈನಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಕಾರವಾರದಲ್ಲಿ ಫಿಲ್ಮ್ ಉಳಿದಿದ್ದೇ ದೊಡ್ಡದು.

ವಾಸನೆ ಬಂದ ರೀಲನ್ನು ಉಳಿದವುಗಳಿಂದ ತಕ್ಷಣ ಬೇರೆ ಮಾಡಿ. ಒಂದರ ಆಮ್ಲದ ಆವಿ ಪಕ್ಕದ್ದಕ್ಕೂ ತಗಲುತ್ತದೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬೀರುವಿಗೆ ತಳ್ಳಬೇಡಿ, ಗಾಳಿ ಆಡಲಿ. ಸ್ಕ್ಯಾನಿಂಗಿಗೆ ಮೊದಲು ಹೋಗಬೇಕಾದದ್ದೂ ಅದೇ. ನುಸಿಗುಳಿಗೆ ಹಾಕಬೇಡಿ. ಬಿಸಿಲಿಗೆ ಒಣಗಿಸಲೂ ಬೇಡಿ. ಬಟ್ಟೆಯ ಬುದ್ಧಿ ಫಿಲ್ಮಿಗೆ ನಡೆಯುವುದಿಲ್ಲ.

ಆಮೇಲೆ ಸ್ಕೇಲು ತನ್ನಿ. ಅಗಲ 8 ಮಿ.ಮೀ. ಇದ್ದರೆ ಎರಡು ಜಾತಿ. ತೂತು ದೊಡ್ಡದಾಗಿ, ಎರಡು ಫ್ರೇಮುಗಳ ನಡುವಿನ ಗೆರೆಯ ನೇರಕ್ಕಿದ್ದರೆ ಅದು 1932ರಲ್ಲಿ ಬಂದ ರೆಗ್ಯುಲರ್ 8. ತೂತು ಸಣ್ಣದಾಗಿ, ಫ್ರೇಮಿನ ಮಧ್ಯಕ್ಕೆ ನೇರವಾಗಿದ್ದರೆ 1965ರ ಸೂಪರ್ 8. ಅಗಲ 16 ಮಿ.ಮೀ. ಇದ್ದರೆ ಹೆಸರೂ ಅದೇ. ತೂತು ಅಂಚಿನಲ್ಲಿಲ್ಲದೆ ನಟ್ಟನಡುವೆ ಇದ್ದರೆ ಅದು ಪಾಥೆ ಕಂಪನಿಯ 9.5 ಮಿ.ಮೀ., ಬಲು ಅಪರೂಪ. ಅಗಲ 35 ಮಿ.ಮೀ. ಇದ್ದು 1950ಕ್ಕಿಂತ ಹಿಂದಿನದಾದರೆ ಮಾತ್ರ ಹುಷಾರು. ಅದು ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮ್ ಇರಬಹುದು, ಬೆಂಕಿ ಹತ್ತಿದರೆ ನೀರಿಗೂ ಆರುವುದಿಲ್ಲ. ಅಂಥದ್ದನ್ನು ಮನೆಯಲ್ಲಿ ಬಿಚ್ಚಬೇಡಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೋ ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿಗೋ ಬರೆದು ಕೇಳಿ. ಮನೆಯ ಸಣ್ಣ ರೀಲುಗಳಿಗೆ ಈ ಭಯ ಇಲ್ಲ.

ಭೂತಗನ್ನಡಿ ಹಿಡಿದು ಅಂಚನ್ನು ನೋಡಿ. ಕೊಡಾಕ್ ಫಿಲ್ಮಾದರೆ ಚೌಕ, ತ್ರಿಕೋನ, ವೃತ್ತದ ಸಣ್ಣ ಗುರುತುಗಳಿರುತ್ತವೆ. ಅದು ಫಿಲ್ಮ್ ತಯಾರಾದ ವರ್ಷ. ಆ ಗುರುತುಗಳ ಪಟ್ಟಿ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ತೊಡಕೇನೆಂದರೆ ಅದೇ ಗುರುತು 20 ವರ್ಷಕ್ಕೊಮ್ಮೆ ಮತ್ತೆ ಬರುತ್ತದೆ. 1966 ಇರಬಹುದು, 1986 ಇರಬಹುದು. ಎರಡರಲ್ಲಿ ಯಾವುದು ಅಂತ ಹೇಳುವುದು ಚಿತ್ರದೊಳಗಿನ ಊರು. ಕೋಡಿಬಾಗ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಗೆ ಹೆದ್ದಾರಿ ಸೇತುವೆಯಾದದ್ದು 1983ರಲ್ಲಿ. ರೀಲಿನಲ್ಲಿ ನದಿ ಸೇತುವೆ ಇಲ್ಲದೆ ಹರಿಯುತ್ತಿದ್ದರೆ ಅದಕ್ಕಿಂತ ಹಿಂದಿನದು. ಆ ಸೇತುವೆಯೂ 2024ರ ಆಗಸ್ಟಿನಲ್ಲಿ ಕುಸಿದುಬಿತ್ತು, ಈಗ ಅದರ ಚಿತ್ರವೇ ಹಳೇ ಚಿತ್ರ. ಶಿರಸಿಯ ಮಾರಿಕಾಂಬಾ ಜಾತ್ರೆಯ ರೀಲಾದರೆ, ಅಂಚಿನ ಗುರುತು ಕಾಣದಿದ್ದರೂ ಒಂದು ಸುಳಿವು ಸಿಗುತ್ತದೆ. ಜಾತ್ರೆ ಎರಡು ವರ್ಷಕ್ಕೊಮ್ಮೆ ಆಗುವುದರಿಂದ ಅರ್ಧ ವರ್ಷಗಳು ತಾವಾಗಿಯೇ ಬಿಟ್ಟುಹೋಗುತ್ತವೆ. ಅರಗಾ ಕಡೆಯ ಸಮುದ್ರತೀರ, ಅಲ್ಲಿನ ಮನೆ, ತೆಂಗಿನ ತೋಟ ಕಂಡರೆ ಆ ರೀಲನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಿರಿ. ನೌಕಾನೆಲೆಯ ಸೀಬರ್ಡ್ ಯೋಜನೆಗೆ ಜಾಗ ಬಿಟ್ಟುಕೊಟ್ಟವರಿಗೆ ಆ ಅಂಗಳವನ್ನು ಮತ್ತೆ ನೋಡಲು ಬೇರೆ ದಾರಿ ಇಲ್ಲ.

ಮನೆಯಲ್ಲೇ ಒಂದೆರಡು ಫ್ರೇಮ್ ನೋಡುವ ಆಸೆ ಇದ್ದರೆ ಹೀಗೆ ಮಾಡಿ. ಒಂದು ಫೋನಿನಲ್ಲಿ ಪೂರ್ತಿ ಬಿಳಿ ಪರದೆ ತೆರೆದು ಮಲಗಿಸಿ. ಅದರಿಂದ ಎರಡು ಬೆರಳು ಮೇಲೆ ಹಾಲುಬಣ್ಣದ ಪ್ಲಾಸ್ಟಿಕ್ ಹಾಳೆ ನಿಲ್ಲಿಸಿ, ಅದರ ಮೇಲೆ ಫಿಲ್ಮ್ ಇಡಿ. ನೇರ ಪರದೆ ಮೇಲೆ ಇಟ್ಟರೆ ಪರದೆಯ ಚುಕ್ಕಿಗಳೇ ಕಾಣುತ್ತವೆ. ಇನ್ನೊಂದು ಫೋನಿನ ಮ್ಯಾಕ್ರೋದಲ್ಲಿ ಫೋಟೋ ತೆಗೆಯಿರಿ. ರೆಗ್ಯುಲರ್ 8ರ ಒಂದು ಫ್ರೇಮ್ ಅಂದರೆ ಸುಮಾರು 4.5 ಮಿ.ಮೀ. ಅಗಲ, 3.3 ಮಿ.ಮೀ. ಎತ್ತರ. ಅಷ್ಟರಲ್ಲಿ ಅಜ್ಜಿಯ ಮುಖ ಕಾಣುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೆರಗು ಹೋಗಿಲ್ಲ.

ಒರೆಸುವುದು

ನೀರು ಬೇಡವೇ ಬೇಡ. ಚಿತ್ರ ಕೂತಿರುವುದು ಜೆಲಾಟಿನ್ ಪದರದಲ್ಲಿ. ಬೂಷ್ಟು ತಿನ್ನುವುದೂ ಅದನ್ನೇ, ತಿಂದ ಜಾಗಕ್ಕೆ ನೀರು ತಾಗಿದರೆ ಚಿತ್ರ ಕರಗಿ ಬರುತ್ತದೆ. ಹತ್ತಿಯ ಕೈಗವಸು ಹಾಕಿ, ಕನ್ನಡಕ ಒರೆಸುವಂಥ ಎಳೆ ಬಿಡದ ಮೆತ್ತನೆ ಬಟ್ಟೆಯ ಮಡಿಕೆಯಲ್ಲಿ ಫಿಲ್ಮನ್ನು ನಿಧಾನ ಎಳೆದುಕೊಳ್ಳಿ. ಮೊಂಡು ಕೊಳೆ ಇದ್ದರೆ 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಸ್ವಲ್ಪ ತಾಗಿಸಿ, ಮೊದಲು ಚಿತ್ರವಿಲ್ಲದ ತುದಿಯಲ್ಲಿ ಪರೀಕ್ಷೆ ಮಾಡಿ. ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿ ನೀರಿದೆ. ಮಳೆಗಾಲದಲ್ಲಿ ಈ ಕೆಲಸವೇ ಬೇಡ, ದೀಪಾವಳಿ ಕಳೆಯಲಿ.

ಸ್ಕ್ಯಾನ್ ಮಾಡಿಸುವಾಗ ಕೇಳಬೇಕಾದ್ದು

ಗೋಡೆಗೆ ಬಿಟ್ಟು ಫೋನಿನಲ್ಲಿ ಹಿಡಿಯುವುದಕ್ಕೆ ಸ್ಕ್ಯಾನ್ ಅನ್ನುವುದಿಲ್ಲ. ಬೆಳಕು ಮಿಣಮಿಣ ಮಾಡುತ್ತದೆ, ನಡುವೆ ಬಿಳಿ, ಮೂಲೆ ಕಪ್ಪು. ಒಂದೊಂದೇ ಫ್ರೇಮ್ ಹಿಡಿಯುವ ಯಂತ್ರವೇ ಬೇಕು. ದೊಡ್ಡ ಊರುಗಳಲ್ಲಿ ಮಾಡಿಕೊಡುವವರಿದ್ದಾರೆ. ದುಡ್ಡು ಕೊಡುವ ಮೊದಲು ಕೇಳಿ: ಹಲ್ಲಿನ ಚಕ್ರದಿಂದ ಎಳೆಯುತ್ತೀರೋ, ಬರೀ ರೋಲರಿನಲ್ಲೋ? ಕುಗ್ಗಿದ ಫಿಲ್ಮಿಗೆ ರೋಲರೇ ಸರಿ. ತೂತು, ಅಂಚು ಸೇರಿಸಿ ಪೂರ್ತಿ ಅಗಲ ಹಿಡಿಯುತ್ತೀರಾ? ಅಂಚು ಇದ್ದರೆ ಆಮೇಲೆ ಅಲುಗಾಟ ನಿಲ್ಲಿಸಲು ತೂತನ್ನೇ ಗುರುತಾಗಿ ಹಿಡಿಯಬಹುದು. ನಿಮ್ಮ ಕಡೆಯಿಂದ ಏನೂ ತಿದ್ದದ ಫೈಲ್ ಕೊಡುತ್ತೀರಾ? ರೀಲು ವಾಪಸ್ ಕೊಡುತ್ತೀರಾ? ಕೊನೆಯದಕ್ಕೆ ತಡವರಿಸಿದರೆ ಎದ್ದು ಬನ್ನಿ.

ಸಾಧ್ಯವಾದರೆ ರೀಲನ್ನು ಖುದ್ದಾಗಿ ಒಯ್ದು ಕೊಡಿ. ಕಾರಿನ ಡಿಕ್ಕಿಯಲ್ಲಿ ಇಡಬೇಡಿ, ಬಿಸಿಲಿಗೆ ಅದು ಬೇಯುತ್ತದೆ.

ವೇಗ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಬಣ್ಣ, ಹೊಳಪು ಎಲ್ಲ ಆಮೇಲೆ.

ರೆಗ್ಯುಲರ್ 8ರ ಕ್ಯಾಮೆರಾ ಸೆಕೆಂಡಿಗೆ 16 ಫ್ರೇಮ್ ಹಿಡಿಯುತ್ತಿತ್ತು. ಸೂಪರ್ 8ರಲ್ಲಿ 18. ಈಗಿನ ವಿಡಿಯೋ ಓಡುವುದು 25ರಲ್ಲಿ. 50 ಅಡಿಯ ರೆಗ್ಯುಲರ್ 8 ರೀಲಿನಲ್ಲಿ 4000 ಫ್ರೇಮ್ ಇರುತ್ತವೆ. ಸರಿಯಾದ ವೇಗದಲ್ಲಿ ಅದು 4 ನಿಮಿಷ 10 ಸೆಕೆಂಡ್. ಸುಮ್ನೆ 25ಕ್ಕೆ ಬಿಟ್ಟರೆ 2 ನಿಮಿಷ 40 ಸೆಕೆಂಡಿಗೆ ಮುಗಿದುಹೋಗುತ್ತದೆ. ಹಳೇ ಚಿತ್ರದಲ್ಲಿ ಜನ ಕುಪ್ಪಳಿಸುತ್ತ ನಡೆಯುವುದು ಇದೇ ಕಾರಣಕ್ಕೆ. ಅವರು ಹಾಗೆ ನಡೆಯುತ್ತಿರಲಿಲ್ಲ.

ಒಂದು ಮನೆಯವರು ತಂದ ರೀಲಿನಲ್ಲಿ ಕಾರವಾರದ ತೀರದಲ್ಲಿ ರಂಪಣಿ ಬಲೆ, ಅಂದರೆ ಊರೆಲ್ಲ ಸೇರಿ ದಡಕ್ಕೆ ಎಳೆಯುವ ದೊಡ್ಡ ಮೀನುಬಲೆ, ಎಳೆಯುವ ದೃಶ್ಯ ಇತ್ತು. 1970ರ ದಶಕದಲ್ಲಿ ಸಮುದ್ರದಲ್ಲೇ ಬಲೆ ಸುತ್ತಿ ಮೀನು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಕಡಿಮೆಯಾಗುತ್ತ ಹೋಯಿತು, ಈಗಿನ ಹುಡುಗರಿಗೆ ಆ ಜಂಗುಳಿಯ ಕಲ್ಪನೆಯೇ ಇಲ್ಲ. 25ರಲ್ಲಿ ನೋಡಿದಾಗ ಎಲ್ಲರೂ ಗಡಿಬಿಡಿ, ಕೈಕಾಲು ಪಟಪಟ. ಮಕ್ಕಳು ನಕ್ಕರು. 16ಕ್ಕೆ ಇಳಿಸಿದೆವು. ಆಗ ಕೆಲಸ ಕಂಡಿತು. ಹಿಮ್ಮಡಿಯನ್ನು ಮರಳಲ್ಲಿ ಊರುತ್ತಾರೆ. ಮೈಯನ್ನು ಹಿಂದಕ್ಕೆ ಚೆಲ್ಲುತ್ತಾರೆ. ಹಗ್ಗ ಬಿಗಿಯುತ್ತದೆ, ಒಂದು ಗಳಿಗೆ ಎಲ್ಲ ನಿಲ್ಲುತ್ತದೆ, ಸಮುದ್ರ ಸ್ವಲ್ಪ ಬಿಟ್ಟುಕೊಡುತ್ತದೆ, ಮತ್ತೆ ಒಂದು ಹೆಜ್ಜೆ ಹಿಂದೆ. ಹಿಂದಿನ ತುದಿಯಲ್ಲಿದ್ದವನು ಹಗ್ಗ ಬಿಟ್ಟು ಮುಂದಕ್ಕೆ ಓಡಿ ನೀರಿನ ಅಂಚಲ್ಲಿ ಮತ್ತೆ ಹಿಡಿಯುತ್ತಾನೆ. ಎಲ್ಲರ ಬಾಯಿಯೂ ಒಟ್ಟಿಗೆ ತೆರೆಯುತ್ತದೆ. ನಕ್ಕ ಮಕ್ಕಳು ಸುಮ್ಮನೆ ಕೂತು ನೋಡಿದರು.

ವೇಗ ಸರಿಯಿದೆಯೋ ಇಲ್ಲವೋ ತಿಳಿಯಲು ಕೆಳಗೆ ಬೀಳುವ ವಸ್ತು ಹುಡುಕಿ. ಅಲೆ ಒಡೆಯುವುದು, ಕೊಡದಿಂದ ನೀರು ಸುರಿಯುವುದು, ಮರದಿಂದ ಕಾಯಿ ಬೀಳುವುದು. ಮನುಷ್ಯ ಅವಸರ ಮಾಡಬಹುದು, ಬೀಳುವ ಕಾಯಿ ಮಾಡುವುದಿಲ್ಲ. ಕೀ ಕೊಡುವ ಕ್ಯಾಮೆರಾಗಳಲ್ಲಿ ಸ್ಪ್ರಿಂಗ್ ಬಿಚ್ಚಿದಂತೆ ವೇಗ ಸ್ವಲ್ಪ ಆಚೀಚೆ ಆಗಿರುತ್ತದೆ. ಆಗ ದೃಶ್ಯ ದೃಶ್ಯಕ್ಕೂ ಬೇರೆ ಬೇರೆ ಹೊಂದಿಸಬೇಕು.

ತಿದ್ದುವುದು, ಎಷ್ಟು ಬೇಕೋ ಅಷ್ಟು

ಅಲುಗಾಟ ನಿಲ್ಲಿಸಲು, ಬಣ್ಣ ಸರಿದೂಗಿಸಲು ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿ ಧಾರಾಳ ಸಾಕು. ಕೊಡಾಕ್ ಕಂಪನಿಯ ಬಣ್ಣದ ಫಿಲ್ಮಾದ ಕೊಡಾಕ್ರೋಮ್ ರೀಲು ಕತ್ತಲಲ್ಲಿ ಇದ್ದಿದ್ದರೆ ಬಣ್ಣ ಇವತ್ತಿಗೂ ಚೆನ್ನಾಗಿರುತ್ತದೆ. ಬೇರೆ ಎಷ್ಟೋ ಫಿಲ್ಮುಗಳು ಕೆಂಪಿಗೆ ತಿರುಗಿರುತ್ತವೆ. ಆಕಾಶ ಆಕಾಶದ ಹಾಗೆ, ಮರಳು ಮರಳಿನ ಹಾಗೆ ಕಾಣುವಷ್ಟು ಎಳೆದು ನಿಲ್ಲಿಸಿ.

ಎಐ ಬಗ್ಗೆ ಜನ ಜಾಸ್ತಿ ಕೇಳುತ್ತಾರೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಮನೆಯ ರೀಲಿಗೆ ಬೇಡ. ಅಂಕೋಲಾ ಕಡೆಯ ಒಂದು ರೀಲಿನಲ್ಲಿ ಹಾಲಕ್ಕಿ ಸಮುದಾಯದ ಹೆಂಗಸರು ಗದ್ದೆಯಂಚಿನಲ್ಲಿ ನಿಂತಿದ್ದಾರೆ. ಕುತ್ತಿಗೆ ತುಂಬ ಮಣಿಸರ. ಮೂಲ ಸ್ಕ್ಯಾನಿನಲ್ಲಿ ಕಾಳು ಕಾಳಾಗಿ, ನಡುಗುತ್ತ ಇದ್ದರೂ ಸರಗಳು ಬೇರೆ ಬೇರೆ ಅಂತ ಗೊತ್ತಾಗುತ್ತದೆ. ಎಐ ನುಣುಪು ಮಾಡಿದಾಗ ಎಲ್ಲ ಕೂಡಿ ಒಂದೇ ಕಪ್ಪು ಪಟ್ಟಿಯಾಯಿತು. ಮುಖ ಮಾತ್ರ ಜಾಹೀರಾತಿನ ಹಾಗೆ ತಿಳಿಯಾಯಿತು, ಆದರೆ ಅದು ಅವರ ಮುಖ ಅಲ್ಲ. ಇಲ್ಲದ ವಿವರವನ್ನು ಯಂತ್ರ ಊಹೆ ಮಾಡಿ ತುಂಬುತ್ತದೆ. ಕಪ್ಪುಬಿಳುಪಿಗೆ ಬಣ್ಣ ಹಾಕುವುದೂ ಇದೇ ಕತೆ. ಸೀರೆ ಕೆಂಪೋ ಹಸಿರೋ ಯಂತ್ರಕ್ಕೆ ಗೊತ್ತಿಲ್ಲ, ನಿಮ್ಮ ದೊಡ್ಡಮ್ಮನಿಗೆ ಗೊತ್ತಿದೆ. ಯಂತ್ರದಿಂದ ಸೆಕೆಂಡಿಗೆ 60 ಫ್ರೇಮ್ ಮಾಡಿಸಿದರೆ ನಾಲ್ಕರಲ್ಲಿ ಸುಮಾರು ಮೂರು ಫ್ರೇಮ್ ಯಾರೂ ತೆಗೆಯದೇ ಇದ್ದಂಥವು. ನಿಮಗೆ ಇಷ್ಟವಾದರೆ ಒಂದು ಪ್ರತಿಯ ಮೇಲೆ ಆಡಿಕೊಳ್ಳಿ, ಫೈಲಿನ ಹೆಸರಿನಲ್ಲೇ ಅದನ್ನು ಬರೆಯಿರಿ. ಮೂಲ ಸ್ಕ್ಯಾನನ್ನು ಮುಟ್ಟಬೇಡಿ.

ಚಿತ್ರ ಸಿದ್ಧವಾದ ಮೇಲೆ ಹಿರಿಯರನ್ನು ಕೂರಿಸಿ ತೋರಿಸಿ, ಪಕ್ಕದಲ್ಲಿ ಫೋನು ಇಟ್ಟು ಮಾತು ರೆಕಾರ್ಡ್ ಮಾಡಿ. ಇದನ್ನು ಮುಂದಕ್ಕೆ ಹಾಕಬೇಡಿ, ರೀಲು ಕಾಯಬಹುದು, ಹಿರಿಯರು ಕಾಯುವುದಿಲ್ಲ. ಆ ರಂಪಣಿ ರೀಲಿನ ಮನೆಯ ಅಜ್ಜ ಹಗ್ಗ ಎಳೆಯುವಾಗಿನ ಕೂಗನ್ನು ಕೊಂಕಣಿಯಲ್ಲಿ ತಾವೇ ಕೂಗಿ ತೋರಿಸಿದರು. ಆ ಧ್ವನಿಯನ್ನು ಚಿತ್ರಕ್ಕೆ ಅಂಟಿಸಲಿಲ್ಲ, ಬೇರೆ ಫೈಲಾಗಿಯೇ ಜೊತೆಗಿಟ್ಟೆವು. ನಿಮ್ಮವರು ಮಾತಾಡುವಾಗ ನಡುವೆ ಬಾಯಿ ಹಾಕಬೇಡಿ. ಯಾರು, ಯಾವ ಮನೆ, ಯಾವ ಹಬ್ಬ ಅಂತ ಮಾತ್ರ ಕೇಳಿ. ಒಂದು ಹೆಸರಿಗೆ ಇಬ್ಬರು ಜಗಳಾಡಿದರೆ ಎರಡನ್ನೂ ಬರೆದುಕೊಳ್ಳಿ.

ಫೈಲಿಗೆ ವರ್ಷ, ಊರು, ಮನೆತನದ ಹೆಸರು ಈ ಕ್ರಮದಲ್ಲಿ ಹೆಸರಿಡಿ. ವರ್ಷ ಅಂದಾಜಾದರೆ ಅಂದಾಜು ಅಂತಲೇ ಬರೆಯಿರಿ. ಮೂರು ಪ್ರತಿ ಮಾಡಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಹಾರ್ಡ್ ಡಿಸ್ಕನ್ನು ವರ್ಷಕ್ಕೊಮ್ಮೆಯಾದರೂ ಹಾಕಿ ನೋಡಿ. ಸ್ಕ್ಯಾನ್ ಆಯಿತು ಅಂತ ರೀಲು ಎಸೆಯಬೇಡಿ. ಮುಂದೆ ಇನ್ನೂ ಒಳ್ಳೆಯ ಸ್ಕ್ಯಾನರ್ ಬಂದೇ ಬರುತ್ತದೆ. ತುಕ್ಕು ಹಿಡಿದ ಡಬ್ಬಿ ಬದಲಿಸಿ, ಅಟ್ಟದಿಂದ ಇಳಿಸಿ, ಮನೆಯಲ್ಲಿ ಎಲ್ಲಕ್ಕಿಂತ ತಂಪಾದ, ಹೊರಗೋಡೆಗೆ ತಾಗದ ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಮಳೆಗಾಲದಲ್ಲಿ ಆ ಪೊಟ್ಟಣ ಬೇಗ ತೇವ ಕುಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಆಗಾಗ ಬದಲಿಸುತ್ತಿರಿ, ಬದಲಿಸುವಾಗ ಇನ್ನೊಮ್ಮೆ ಮೂಸಿ ನೋಡಿ.